ಕಾಫಿಗೆ ಹಾಕಿ ಕೊಡಬಹುದಾ?

ಆಸ್ಪತ್ರೆಯ ಓಪಿಡಿಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಅಂತ ಒಬ್ಬರು ಇರ್ತಾರೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ನೋಡಿದವರೂ 'ಮೆಡಿಕಲ್ ಶಾಪ್‌ನವರು' ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. ಆರು ವರ್ಷದ ಫಾರ್ಮ್ ಡಿ ಕೋರ್ಸ್ ಶುರುವಾದದ್ದು 2008ರಲ್ಲಿ. ನಡುವೆ ಅರವತ್ತು ವರ್ಷ. ಅಷ್ಟು ಕಾಲವೂ ಮಾತ್ರೆ ಎಣಿಸಿ ಕೊಡೋದು ಒಬ್ಬರ ಕೆಲಸ, ಅದರ ಬಗ್ಗೆ ಮಾತಾಡೋದು ಇನ್ಯಾರದೋ ಕೆಲಸ ಅಂತ ಬಹುಮಟ್ಟಿಗೆ ನಡೆದುಬಂದಿತ್ತು.

ಕೆಲಸವೇನೋ ಹೇಳೋಕೆ ಸರಳ. ಡಾಕ್ಟರನ್ನು ಕಂಡು ಚೀಟಿ ಹಿಡಿದು ಬಂದವರ ಹಳೇ ಮಾತ್ರೆ, ಹೊಸ ಮಾತ್ರೆ ಎಲ್ಲವನ್ನೂ ಒಟ್ಟಿಗೆ ಹರವಿಕೊಂಡು ನೋಡಬೇಕು. ಒಂದಕ್ಕೊಂದು ಆಗಿಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಕೀಲುನೋವಿಗೆ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ ಅಂತ ಮೂರು ಸಲ ಹೇಳಿ, ಅವರ ಬಾಯಿಂದಲೇ ವಾಪಸ್ ಹೇಳಿಸಬೇಕು. ಇದರಲ್ಲೆಲ್ಲ ಸರಿ ತಪ್ಪಿನ ಗೊಂದಲವಿಲ್ಲ. ಗೊಂದಲ ಶುರುವಾಗೋದು ಮಾನಸಿಕ ಕಾಯಿಲೆಯ ಔಷಧಿ ತಗೊಂಡ ಮೇಲೆ ತಾಯಿಯೋ ಹೆಂಡತಿಯೋ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆಯಿಂದ: "ಇದನ್ನ ಕಾಫಿಗೆ ಹಾಕಿ ಕೊಡಬಹುದಾ ಮೇಡಂ? ಔಷಧಿ ಅಂದ್ರೆ ಎಸೀತಾನೆ. ನಂಗೇನಾಗಿದೆ ಅಂತಾನೆ."

ಔಷಧಶಾಸ್ತ್ರದ ಉತ್ತರ ತಕ್ಷಣ ಸಿಗುತ್ತೆ. ರಿಸ್ಪೆರಿಡೋನ್ ದ್ರಾವಣವನ್ನು ನೀರು, ಕಾಫಿ, ಕಿತ್ತಳೆ ರಸ, ಕೊಬ್ಬು ಕಮ್ಮಿ ಇರುವ ಹಾಲು ಇವುಗಳಲ್ಲಿ ಬೆರೆಸಬಹುದು. ಟೀ ಮತ್ತು ಕೋಲಾದಲ್ಲಿ ಬೆರೆಸಬಾರದು. ಔಷಧಿಯ ಮಾಹಿತಿ ಪತ್ರದಲ್ಲೇ ಇದೆ. (ನಮ್ಮ ಮನೆಗಳ ಗಟ್ಟಿ ಹಾಲಿನ ಕಾಫಿಯನ್ನು ಅದನ್ನು ಬರೆದವರು ಕಂಡಿರಲಿಕ್ಕಿಲ್ಲ.) ಆದರೆ ಆ ಪತ್ರ ಬರೆದವರ ಮನಸ್ಸಿನಲ್ಲಿದ್ದದ್ದು ರುಚಿ ಹಿಡಿಸದೆ ತಾನೇ ಬೆರೆಸಿಕೊಂಡು ಕುಡಿಯುವ ರೋಗಿ. ಇಲ್ಲಿ ಬೆರೆಸುವವರು ಒಬ್ಬರು, ಕುಡಿಯುವವರು ಇನ್ನೊಬ್ಬರು.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಒಪ್ಪಿಗೆಗೆ ದೊಡ್ಡ ಸ್ಥಾನ ಕೊಟ್ಟಿದೆ. ಅದನ್ನು ಹಿಡಕೊಂಡು ಆ ತಾಯಿಗೆ ಹಕ್ಕಿನ ಪಾಠ ಹೇಳೋದು ಸುಲಭ. ಆಕೆ ಎಷ್ಟು ರಾತ್ರಿಯಿಂದ ಚಿಲಕ ಹಾಕಿಕೊಂಡು ಮಲಗಿದ್ದಾಳೆ, ಈಳಿಗೆಮಣೆ ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ಕೇಳಿದ ಮೇಲೆ ಆ ಪಾಠ ಬಾಯಿಗೆ ಬರೋದಿಲ್ಲ. ಸ್ನಾನ, ಊಟ, ನಿದ್ದೆ ಎಲ್ಲ ಬಿಟ್ಟು ಕತ್ತಲೆ ಕೋಣೆಯಲ್ಲಿ ಯಾರೊಂದಿಗೋ ಜಗಳವಾಡುತ್ತಾ ಕೂತವನ 'ಬೇಡ' ಅನ್ನೋ ಮಾತು ಅವನದೋ ಕಾಯಿಲೆಯದೋ? ನನಗಂತೂ ಪ್ರತಿಸಲವೂ ಅವನದೇ ಅಂತ ಹೇಳುವ ಧೈರ್ಯವಿಲ್ಲ.

ಆದರೆ ಇನ್ನೊಂದು ಕಡೆಯೂ ಇದೆ. ಮನೆಯವರು ಊಟದಲ್ಲಿ ಏನೋ ಹಾಕ್ತಿದ್ದಾರೆ ಅನ್ನೋ ಅನುಮಾನ ಎಷ್ಟೋ ಜನರಲ್ಲಿ ಆ ಕಾಯಿಲೆಯದೇ ಒಂದು ಲಕ್ಷಣ. ಲೋಟಕ್ಕೆ ಹನಿ ಬಿದ್ದ ದಿನದಿಂದ ಅದು ಭ್ರಮೆಯಲ್ಲ, ನಿಜ. ಅವನು ಹೇಳುತ್ತಿರೋದು ಸತ್ಯ, ಸುಳ್ಳು ಹೇಳುತ್ತಿರೋದು ನಾವು. ಕೈ ನಡುಗುತ್ತೆ, ಮೈ ಬಿಗಿಯುತ್ತೆ, ಬೈಕ್ ಮೇಲೆ ತೂಕಡಿಕೆ ಬರುತ್ತೆ. ಹೆಂಗಸರಾದರೆ ಮುಟ್ಟು ನಿಂತೀತು. ಯಾಕೆ ಅಂತ ಅವರಿಗೆ ಗೊತ್ತಿರೋದಿಲ್ಲ. ವಾಂತಿ ಅಂತ ಇನ್ನೊಬ್ಬ ಡಾಕ್ಟರ ಬಳಿ ಹೋದರೆ 'ಬೇರೆ ಔಷಧಿ ಏನಾದ್ರೂ ತಗೋತೀರಾ?' ಅಂತಾರೆ. 'ಇಲ್ಲ' ಅಂತಾನೆ, ಪ್ರಾಮಾಣಿಕವಾಗಿ. ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಬೀಳುತ್ತೆ. ಮೊದಲಿನ ಔಷಧಿಯ ಮೇಲೆ ಇದೂ ಸೇರಿ ಕತ್ತು, ದವಡೆ ಸೆಟೆದುಕೊಳ್ಳುವ ಅಪಾಯ ಇನ್ನಷ್ಟು ಹೆಚ್ಚುತ್ತೆ.

ನಮ್ಮವರಲ್ಲೇ ಕೆಲವರ ವಾದ ಹೀಗಿದೆ: ಕೇಳಿದ್ದಕ್ಕೆ ಉತ್ತರ ಹೇಳಿ, ಮಿಕ್ಕಿದ್ದು ಡಾಕ್ಟರಿಗೆ ಮತ್ತು ಮನೆಗೆ ಬಿಟ್ಟದ್ದು. ನಾನು ಒಪ್ಪುವುದಿಲ್ಲ. ವಾರ್ಡಿನಲ್ಲಾದರೆ ನರ್ಸ್ ಇರ್ತಾರೆ, ಕೇಸ್ ಶೀಟ್ ಇರುತ್ತೆ, ಭಾರ ಹಂಚಿಹೋಗುತ್ತೆ. ಓಪಿಡಿಯಿಂದ ಮನೆಗೆ ಹೋಗೋದು ಬಾಟಲಿ ಮತ್ತು ನಾನು ಹೇಳಿದ ಎರಡು ಮಾತು, ಅಷ್ಟೇ. 'ಕಾಫಿಗೆ ಆಗುತ್ತೆ' ಅನ್ನೋದು ಅಲ್ಲಿ ಬರೀ ಮಾಹಿತಿಯಾಗಿ ಉಳಿಯೋದಿಲ್ಲ, ಅಪ್ಪಣೆಯಾಗುತ್ತೆ. ಹಾಗಂತ ಬಾಯಿ ಮುಚ್ಚಿಕೊಂಡರೆ? ಆಕೆ ಟೀಗೆ ಹಾಕ್ತಾಳೆ.

ಹಾಗಾಗಿ ಬಾಟಲಿಯ ಜೊತೆ ಆಕೆಯನ್ನು ಮತ್ತೆ ಡಾಕ್ಟರ ಬಳಿಗೇ ಕರೆದುಕೊಂಡು ಹೋಗ್ತೀನಿ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಅವನ್ನು ಕದ್ದು ಕೊಡೋಕಾಗಲ್ಲ, ನನ್ನ ಲೆಕ್ಕದಲ್ಲಿ ಅದು ಅವುಗಳ ಒಳ್ಳೆಯ ಗುಣ. ಅದೂ ಆಗಲಿಲ್ಲ, ಗುಟ್ಟಾಗಿ ಕೊಡದೆ ಸದ್ಯಕ್ಕೆ ಬೇರೆ ದಾರಿಯೇ ಇಲ್ಲ ಅಂತ ಡಾಕ್ಟರೂ ಮನೆಯವರೂ ಕೂತು ತೀರ್ಮಾನಿಸಿದರೆ, ನಾನು ಕೇಳೋದು ಒಂದೇ: ಅವರಿಗೆ ಯಾವಾಗ ಹೇಳ್ತೀರಿ?

"ಸ್ವಲ್ಪ ಹುಷಾರಾದ್ಮೇಲೆ" ಅಂತಾರೆ. ತೊಡಕಿರೋದು ಅಲ್ಲೇ. ಹುಷಾರಾದ ಮೇಲೆ ಹೇಳೋದು ಇನ್ನೂ ಕಷ್ಟ. ಅವನು ಕೆಲಸಕ್ಕೆ ಹೋಗ್ತಿದ್ದಾನೆ, ನಗ್ತಿದ್ದಾನೆ, ಈಗ ಯಾಕೆ ಕೆದಕೋದು ಅಂತ ವರ್ಷಗಟ್ಟಲೆ ಹನಿ ಬೀಳ್ತಾನೇ ಇರುತ್ತೆ. ಕೇಳಿದರೆ ಈಗ ಅವನು ಒಪ್ಪುತ್ತಿದ್ದನೋ ಏನೋ! ಬುದ್ಧಿ ಅವನ ಕೈಗೆ ವಾಪಸ್ ಬಂದಮೇಲೂ ಕೇಳದೆ ಕೊಡೋದಕ್ಕೆ ಮೊದಲಿದ್ದ ಸಮರ್ಥನೆ ಉಳಿಯೋದಿಲ್ಲ. ಆದ್ದರಿಂದ ತಿಂಗಳ ಔಷಧಿಗೆ ಬಂದಾಗಲೆಲ್ಲ ಕೇಳ್ತೀನಿ, "ಹೇಳಿದ್ರಾ ಅಮ್ಮಾ?"

ಎರಡು ಮೂರು ಸಲ ಕೇಳಿದ ಮೇಲೆ ಕೆಲವರು ನಮ್ಮಲ್ಲಿಗೆ ಬರೋದನ್ನೇ ಬಿಡ್ತಾರೆ. ಹಳೇ ಚೀಟಿ ತೋರಿಸಿದರೆ ಏನೂ ಕೇಳದೆ ಕೊಡುವ ಅಂಗಡಿ ಎಲ್ಲೋ ಸಿಕ್ಕಿರುತ್ತೆ. ಅಲ್ಲಿ ಕೈ ನಡುಕದ ಬಗ್ಗೆ ವಿಚಾರಿಸುವವರೂ ಇರೋದಿಲ್ಲ. ನನ್ನ ಪ್ರಶ್ನೆಯಿಂದಲೇ ಆ ಹುಡುಗನಿಗೆ ನಷ್ಟವಾಯಿತು ಅಂತ ಯಾರಾದರೂ ಅಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಮುಂದಿನವರು ಬಂದಾಗ ಕೇಳ್ತೀನಿ.