ಜೊತೆಯಲ್ಲಿ ನಡೆದವನ ಹೊಣೆ

ಒಂಟಿಯಾಗಿರುವಾಗ ಕೈಯೆತ್ತಲು ಅಳುಕುವ ಮನುಷ್ಯನು ನೂರು ಜನರ ನಡುವೆ ನಿಂತಾಗ ಆ ಅಳುಕನ್ನು ಮರೆಯುವನು. ಇದು ಲೋಕಕ್ಕೆಲ್ಲ ತಿಳಿದ ಸಂಗತಿ. ಆದರೆ ಆ ನೂರರಲ್ಲಿ ಕೈಯೆತ್ತದೆ ನಿಂತ ಉಳಿದವರ ವಿಷಯವಾಗಿ ವಿಚಾರಮಾಡಿದವರು ಕಡಮೆ. ಹೊಡೆದವನ ತಪ್ಪು ಹೊಡೆದವನದು, ನಿಜ. ಅವನ ಪಕ್ಕದಲ್ಲಿ ನಿಂತು, ಅವನೊಡನೆ ಹಾಡಿ, ಅವನು ಕುಳಿತ ಬಸ್ಸಿನಲ್ಲಿಯೇ ಮನೆಗೆ ಮರಳಿದವನಿಗೆ ಆ ತಪ್ಪಿನಲ್ಲಿ ಪಾಲುಂಟೋ ಇಲ್ಲವೋ? ಪಾಲಿಲ್ಲವೆಂದರೂ ಹೊಣೆಯೇನಾದರೂ ಉಂಟೋ? ಈ ಪ್ರಶ್ನೆಯು ಮರೆಯಿಲ್ಲದೆ ಎದ್ದುನಿಂತ ಸ್ಥಳಗಳಲ್ಲೊಂದು ಯೂರೋಪಿನ ಫುಟ್‌ಬಾಲ್ ಮೈದಾನ.

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ತಂಡವೆಂದರೆ ಒಂದು ಊರಿನ ಮಾನ. ತಂದೆಯಿಂದ ಮಗನಿಗೆ ಬರುವ ಒಲವು. ತಂಡವು ಪರ ಊರಿಗೆ ಆಡಲು ಹೊರಟರೆ ಬೆಂಬಲಿಗರೂ ರೈಲು ಬಸ್ಸುಗಳಲ್ಲಿ ಹಿಂಡುಹಿಂಡಾಗಿ ಬೆನ್ನುಹತ್ತುವರು. ಅಲ್ಲಿ ಅವರು ಅತಿಥಿಗಳು. ಆದರೆ ಅತಿಥಿಗಿರಬೇಕಾದ ಸಂಕೋಚವು ಗುಂಪಿಗೆ ಬರುವುದಿಲ್ಲ. ಗುರುತು ಹಿಡಿಯುವ ನೆರೆಯವರಿಲ್ಲ. ನಾಳೆ ಮುಖಾಮುಖಿಯಾಗುವ ಅಂಗಡಿಯವನಿಲ್ಲ. 1960ರ ದಶಕದಿಂದೀಚೆಗೆ ರೈಲಿನ ಆಸನಗಳನ್ನು ಹರಿಯುವುದು, ಗಾಜು ಒಡೆಯುವುದು, ಎದುರು ಪಕ್ಷದವರನ್ನು ಬೀದಿಯಲ್ಲಿ ಅಟ್ಟಿ ಹೊಡೆಯುವುದು ಆ ದೇಶದಲ್ಲಿ ಪದೇ ಪದೇ ಕೇಳುವ ಸುದ್ದಿಯಾಯಿತು. ಮುಂದೆ ಕಡಲು ದಾಟಿ ಪರದೇಶಗಳಿಗೂ ಹೋಯಿತು.

1985ರ ಮೇ 29ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ, ಹೇಸೆಲ್ ಕ್ರೀಡಾಂಗಣದಲ್ಲಿ, ಲಿವರ್‌ಪೂಲ್ ತಂಡಕ್ಕೂ ಇಟಲಿಯ ಯುವೆಂಟಸ್ ತಂಡಕ್ಕೂ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯ ಗೊತ್ತಾಗಿತ್ತು. ಆಟ ಮೊದಲಾಗುವ ಮುನ್ನವೇ ಲಿವರ್‌ಪೂಲ್ ಬೆಂಬಲಿಗರ ಒಂದು ಗುಂಪು ನಡುವಿನ ದುರ್ಬಲ ಬೇಲಿಯನ್ನು ಮುರಿದು ಪಕ್ಕದ ವಿಭಾಗದ ಮೇಲೆ ನುಗ್ಗಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇಟಲಿಯವರು. ಮಕ್ಕಳನ್ನು ಕರೆತಂದಿದ್ದವರೂ ಇದ್ದರು. ಅವರು ಬೆದರಿ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡರು. ಜನ ಜನದಡಿಯಲ್ಲಿ ನಲುಗಿತು, ಗೋಡೆಯೂ ಕುಸಿಯಿತು. 39 ಮಂದಿ ಸತ್ತರು. ಅವರಲ್ಲೊಬ್ಬನು 11 ವರ್ಷದ ಬಾಲಕ. ಕ್ರೀಡಾಂಗಣವು ಶಿಥಿಲವಾಗಿತ್ತು, ಕಾವಲಿನ ಏರ್ಪಾಡು ಸಾಲದಾಗಿತ್ತು, ಇಷ್ಟಾದ ಮೇಲೂ ಆಟವನ್ನು ಆಡಿಸಿದರು. ಅವೆಲ್ಲ ಬೇರೆಯವರ ತಪ್ಪುಗಳು. 1989ರಲ್ಲಿ ಬೆಲ್ಜಿಯಂ ನ್ಯಾಯಾಲಯವು ಲಿವರ್‌ಪೂಲ್ ಬೆಂಬಲಿಗರಲ್ಲಿ 14 ಮಂದಿಯನ್ನು ನರಹತ್ಯೆಯ ಅಪರಾಧಿಗಳೆಂದು ತೀರ್ಮಾನಿಸಿತು.

ಹೋದವರು ಸಾವಿರಾರು; ಅಪರಾಧಿಗಳು 14. ನಡುವಿನವರ ಲೆಕ್ಕವೇನು?

ಸುಲಭವಾದ ಉತ್ತರಗಳು ಎರಡುಂಟು. "ನಾನು ಆಟ ನೋಡಲು ಹೋದವನು, ಯಾರೋ ಪೋಕರಿಗಳು ಮಾಡಿದ್ದಕ್ಕೆ ನನಗೇನು?" ಎಂಬುದು ಒಂದು. "ಎಲ್ಲರೂ ಒಂದೇ ಜಾತಿಯ ಮೃಗಗಳು" ಎಂಬುದು ಇನ್ನೊಂದು. ಎರಡನೆಯ ಉತ್ತರವು ಎಂತಹ ಅನಾಹುತಕ್ಕೆ ದಾರಿಯಾಯಿತೆಂಬುದನ್ನು ಮೊದಲು ನೋಡಬೇಕು. ಪುಂಡಾಟಿಕೆಯನ್ನು ತಡೆಯಲೆಂದು ಇಂಗ್ಲೆಂಡಿನ ಮೈದಾನಗಳಲ್ಲಿ ಪ್ರೇಕ್ಷಕರ ಮುಂದೆ ಎತ್ತರದ ಉಕ್ಕಿನ ಬೇಲಿಗಳನ್ನು ನಿಲ್ಲಿಸಿದ್ದರು; ದೊಡ್ಡಿಯಲ್ಲಿ ದನ ತುಂಬಿದಂತೆ ಜನರನ್ನು ತುಂಬುತ್ತಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಪೊಲೀಸರು ಹೊರಬಾಗಿಲೊಂದನ್ನು ತೆರೆಸಿದಾಗ ಜನಪ್ರವಾಹವು ಆಗಲೇ ಕಿಕ್ಕಿರಿದಿದ್ದ ದೊಡ್ಡಿಗಳಿಗೇ ಹರಿಯಿತು. ಮುಂದೆ ಬೇಲಿ, ಹಿಂದೆ ಜನ. ಆ ದುರಂತಕ್ಕೆ ಬಲಿಯಾದವರು 97 ಮಂದಿ, ಎಲ್ಲರೂ ಲಿವರ್‌ಪೂಲ್ ಬೆಂಬಲಿಗರು. ಪುಂಡಾಟಿಕೆ ಅಲ್ಲಿ ನಡೆದಿರಲಿಲ್ಲ. ಆದರೂ ಕುಡಿದ ಬೆಂಬಲಿಗರೇ ಕಾರಣರೆಂದು ಹೇಳಿದರು, ಜನರು ನಂಬಿದರು. ಹಿಂದಿನ ಕೆಟ್ಟ ಹೆಸರು ನಂಬಿಸಿತು. ಸತ್ತವರು ನ್ಯಾಯವಿರುದ್ಧವಾಗಿ ಕೊಲ್ಲಲ್ಪಟ್ಟರೆಂದೂ ಬೆಂಬಲಿಗರ ನಡತೆ ಅದಕ್ಕೆ ಕಾರಣವಲ್ಲವೆಂದೂ ಜ್ಯೂರಿಯ ತೀರ್ಪು ಬಂದುದು 2016ರಲ್ಲಿ, 27 ವರ್ಷಗಳ ಮೇಲೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ 97 ಮಂದಿಯನ್ನು ನೆನೆಯಬೇಕು.

ಹಾಗಾದರೆ ಮೊದಲನೆಯ ಉತ್ತರವೇ ಸರಿಯೆ? ಅದೂ ಅಲ್ಲ. ಪುಂಡನು ಪರ ಊರಿಗೆ ಒಬ್ಬನೇ ಹೋಗಲಾರನು. ಅವನಿಗೆ ಗುಂಪು ಬೇಕು. ಒಂದೇ ಬಣ್ಣದ ಶಾಲು ಹೊದ್ದ ನೂರು ಮಂದಿಯಲ್ಲಿ ಕಲ್ಲೆಸೆದವನು ಯಾರೆಂದು ತಿಳಿಯದು. ಆ ಮರೆಯನ್ನು ಅವನಿಗೆ ಒದಗಿಸುವವರು ಸಜ್ಜನರೇ. ಎದುರಿನವರ ತಾಯಂದಿರನ್ನು ಬೈಯುವ ಹಾಡನ್ನು ಹತ್ತು ಮಂದಿ ಎತ್ತಿದರೆ ಅದು ಹುಚ್ಚಾಟವೆನಿಸುವುದು. ಸಾವಿರ ಮಂದಿ ದನಿಗೂಡಿಸಿದರೆ ಅಪ್ಪಣೆಯಾಗುವುದು. ಎಲ್ಲಕ್ಕಿಂತ ಹೆಚ್ಚಿನ ಕಾಣಿಕೆ ಸಲ್ಲುವುದು ಹಿಂದಿರುಗುವ ದಾರಿಯಲ್ಲಿ. ಬಸ್ಸಿನಲ್ಲಿ ಒಬ್ಬನು ತಾನು ಯಾರನ್ನು ಹೇಗೆ ಕೆಡವಿದೆನೆಂದು ಬಣ್ಣಿಸುವನು. ಕೇಳುವವರಲ್ಲಿ ಗುಮಾಸ್ತನಿರುವನು, ಉಪಾಧ್ಯಾಯನಿರುವನು. ಬದುಕಿನಲ್ಲಿ ಒಂದು ಪೆಟ್ಟನ್ನೂ ಯಾರಿಗೂ ಕೊಟ್ಟವರಲ್ಲ. ಅವರು ನಗುವರು. ಆ ನಗೆಯೇ ಅವನ ಕೂಲಿ. ಮುಂದಿನ ವಾರದ ಪೆಟ್ಟಿಗೆ ಮುಂಗಡವೂ ಅದೇ.

ಇಲ್ಲಿ ಒಂದು ಆಕ್ಷೇಪ ಬರುವುದು. ನಿರಾಯುಧನಾದ ಸಾಮಾನ್ಯನು ಕುಡಿದು ಕೆರಳಿದ ಹತ್ತು ಮಂದಿಯ ನಡುವೆ ಹೋಗಿ ನೀತಿ ಹೇಳಬೇಕೆ? ಹೇಳಬೇಕೆನ್ನುವವನು ಅಂತಹ ಗುಂಪನ್ನು ಕಂಡವನಲ್ಲ. ಶೌರ್ಯವು ಎಲ್ಲರಿಂದ ವಸೂಲು ಮಾಡತಕ್ಕ ಕಂದಾಯವಲ್ಲ. ಆದರೆ ನಗದಿರುವುದಕ್ಕೆ ಶೌರ್ಯ ಬೇಡ. ಬೈಗುಳದ ಹಾಡು ಬಂದಾಗ ಬಾಯಿ ಮುಚ್ಚಿಕೊಳ್ಳುವುದಕ್ಕೂ, ಅಂತಹವರು ಹೊರಡುವ ಬಸ್ಸನ್ನು ಬಿಟ್ಟು ಬೇರೆ ಬಸ್ಸು ಹಿಡಿಯುವುದಕ್ಕೂ ಬೇಡ.

ಹೆಸರು ಹೇಳುವ ಪ್ರಶ್ನೆ ಇದಕ್ಕಿಂತ ಕಠಿಣ. ಕಂಡದ್ದನ್ನು ಸಾಕ್ಷಿ ನುಡಿದರೆ ಮಿತ್ರದ್ರೋಹವೆಂದು ಗುಂಪು ಹೇಳುವುದು. ಬಾಲ್ಯದ ಗೆಳೆಯನನ್ನು ಹಿಡಿದುಕೊಡುವ ಸಂಕಟವನ್ನು ಹಗುರವಾಗಿ ಕಾಣಬಾರದು. ಆದರೂ ಆ ಗೆಳೆಯನ ಕೈಯಿಂದ ತಲೆಯೊಡೆದವನಿಗೆ ಸಾಕ್ಷಿಯಾಗಬಲ್ಲವರು ಇವರಲ್ಲದೆ ಬೇರೆ ಯಾರಿರುವರು? ಪರ ಊರಿನವನು ಬಂದವನ ಮುಖವನ್ನು ಕಾಣಬಲ್ಲನು, ಹೆಸರನ್ನು ಅರಿಯಲಾರನು. ಹೆಸರನ್ನು ಬಲ್ಲವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರೆ ಅವರ ಸ್ನೇಹಕ್ಕೆ ಬೆಲೆ ತೆರುವವನು ಆ ಗಾಯಾಳು. ಪೊಲೀಸರ ಮೇಲಿನ ಅವಿಶ್ವಾಸವನ್ನು ಕೆಲವರು ಮುಂದೊಡ್ಡುವರು. ಹಿಲ್ಸ್‌ಬರೋ ತರುವಾಯ ಅದು ನಿರಾಧಾರವೆನ್ನಲೂ ಬರುವುದಿಲ್ಲ. ಆದುದರಿಂದಲೇ ಹೊಣೆಯು ಒಂದು ಕಡೆಯದಲ್ಲ.

ಇದನ್ನು ಹತ್ತಿರದಿಂದ ಪರಿಶೀಲಿಸಿದ ವಿದ್ವಾಂಸರು ಕ್ಲಿಫರ್ಡ್ ಸ್ಟಾಟ್ ಮತ್ತು ಸ್ಟೀಫನ್ ರೈಷರ್. ಬಂದವರನ್ನೆಲ್ಲ ಶತ್ರುಗಳೆಂದು ಪೊಲೀಸರು ಲಾಠಿ ಬೀಸಿದರೆ, ಅಲ್ಲಿಯವರೆಗೆ ಪುಂಡರಿಂದ ದೂರ ನಿಂತಿದ್ದವರೂ ಅವರೊಡನೆ ಒಂದಾಗುವರೆಂದು ಅವರು ತೋರಿಸಿದರು. 2004ರಲ್ಲಿ ಪೋರ್ಚುಗಲ್ಲಿನಲ್ಲಿ ಯೂರೋಪಿನ ಪಂದ್ಯಾವಳಿ ನಡೆದಾಗ ಪಂದ್ಯದ ನಗರಗಳ ಪೊಲೀಸರು ಸಾಧಾರಣ ಸಮವಸ್ತ್ರದಲ್ಲಿ ಜನರ ನಡುವೆ ಓಡಾಡಿ ಮಾತನಾಡಿಸಿದರು. ದಂಗೆಯ ಕವಚ ಗುರಾಣಿಗಳನ್ನು ಕಣ್ಣಿಗೆ ಬೀಳದಂತಿರಿಸಿದರು. ಅಲ್ಲಿ ಇಂಗ್ಲಿಷ್ ಬೆಂಬಲಿಗರೇ ತಮ್ಮ ಪುಂಡರನ್ನು ಹಿಡಿದು ಸುಮ್ಮನಿರಿಸಿದರು. ಹಳೆಯ ರೀತಿಯನ್ನೇ ಹಿಡಿದಿದ್ದ ಬೇರೊಂದು ಪೊಲೀಸ್ ಪಡೆಯ ಕೈಯಲ್ಲಿದ್ದ ಆಲ್ಬುಫೈರಾ ಎಂಬ ಕಡಲತೀರದ ಊರಿನಲ್ಲಿ ಗಲಭೆಯಾಯಿತು. ಜನರು ಅದೇ ದೇಶದವರು, ಕುಡಿತವೂ ಅದೇ.

ಸ್ಕಾಟ್ಲೆಂಡಿನವರ ಕಥೆಯನ್ನೂ ಹೇಳಬೇಕು. 1977ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಗೆದ್ದ ಸಂಭ್ರಮದಲ್ಲಿ ಅವರು ಮೈದಾನಕ್ಕೆ ನುಗ್ಗಿ ಗೋಲುಕಂಬವನ್ನು ಮುರಿದರು, ಹುಲ್ಲನ್ನು ಕಿತ್ತೊಯ್ದರು. ಮುಂದೆ ಅದೇ ಬಳಗವು ಪರದೇಶಗಳಲ್ಲಿ ಸೌಜನ್ಯಕ್ಕೆ ಹೆಸರಾಯಿತು. ಇಂಗ್ಲಿಷರಂತೆ ಕಾಣಿಸಿಕೊಳ್ಳಬಾರದೆಂಬ ಹಟವೂ ಇದರಲ್ಲಿತ್ತೆಂದು ಬಲ್ಲವರು ಹೇಳುವರು. ಇರಬಹುದು; ಉದ್ದೇಶವು ಅಪರಂಜಿಯಾಗಲಿಲ್ಲವೆಂದು ಫಲವನ್ನು ಬಿಸುಡಬೇಕಾಗಿಲ್ಲ. ಜಗಳವಾಡುವವನನ್ನು ಬಳಗವೇ ಹೀನವಾಗಿ ಕಂಡಿತು. ಅವನ ಕಥೆಗೆ ನಗುವವರು ಇಲ್ಲವಾದರು.

ಲಿವರ್‌ಪೂಲಿನಲ್ಲಿಯೂ ಹೇಸೆಲ್ ನಡೆದ ವರ್ಷವೇ ಸಾಮಾನ್ಯ ಬೆಂಬಲಿಗರು ಸೇರಿ ಫುಟ್‌ಬಾಲ್ ಸಪೋರ್ಟರ್ಸ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. 1990ರ ವಿಶ್ವಕಪ್ಪಿಗೆ ಇಟಲಿಗೆ ಹೋದ ತಮ್ಮವರಿಗೆ ದಾರಿ ತೋರಲು, ಅಲ್ಲಿಯ ಜನರೊಡನೆ ಮಾತನಾಡಲು ಈ ಸಂಘದವರು ಮಾಹಿತಿ ಕೇಂದ್ರಗಳನ್ನು ತೆರೆದರು. ಹೇಸೆಲ್ಲಿನಲ್ಲಿ ಸತ್ತವರಲ್ಲಿ 32 ಮಂದಿ ಆ ದೇಶದವರೇ.

2005ರ ಏಪ್ರಿಲ್ 5ರಂದು ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನಕ್ಕೆ ಯುವೆಂಟಸ್ ತಂಡ ಬಂದಿತು. ಆ ರಾತ್ರಿಯ ತರುವಾಯ ಎರಡು ತಂಡಗಳೂ ಸ್ಪರ್ಧೆಯಲ್ಲಿ ಎದುರಾದುದು ಅದೇ ಮೊದಲು. ಆತಿಥೇಯ ಬೆಂಬಲಿಗರು ಒಬ್ಬೊಬ್ಬರು ಒಂದೊಂದು ಬಣ್ಣದ ಹಲಗೆಯನ್ನು ಎತ್ತಿಹಿಡಿದು, ಎಲ್ಲರೂ ಸೇರಿ "ಅಮಿಚೀತ್ಸಿಯ" ಎಂಬ ಇಟಲಿಯ ಮಾತನ್ನು ಮೂಡಿಸಿದರು. ಸ್ನೇಹವೆಂದು ಅದರ ಅರ್ಥ. ಹಲಗೆ ಹಿಡಿದವರಲ್ಲಿ 1985ರಲ್ಲಿ ಹುಟ್ಟದೆ ಇದ್ದ ಹುಡುಗರೂ ಇದ್ದರು. ಇಟಲಿಯಿಂದ ಬಂದಿದ್ದವರಲ್ಲಿ ಕೆಲವರು ಕೈತಟ್ಟಿದರು. ಬಹುಮಂದಿ ಬೆನ್ನು ತಿರುಗಿಸಿ ನಿಂತರು. ಹಲಗೆಗಳು ಕೆಳಗಿಳಿಯಲಿಲ್ಲ.