ಮಗ್ಗಿಯೂ ಅರಿವೂ

ಮಗುವೊಂದು ತಡವರಿಸದೆ ಮಗ್ಗಿ ಒಪ್ಪಿಸಿದರೆ ಹಿರಿಯರಿಗೆ ಹಿಗ್ಗು. ಅದು ತಪ್ಪಲ್ಲ; ಗಣಿತಕ್ಕೆ ಕಂಠಪಾಠವೂ ಬೇಕು. ಆದರೆ ನಾಲಗೆಗೆ ಬಂದುದೆಲ್ಲವೂ ಅರಿವಿಗೆ ಬಂದಂತಾಯಿತೆ? ಬೆತ್ತಕ್ಕಂಜಿ ‘ತಿಳಿಯಿತು’ ಎಂದು ತಲೆಯಾಡಿಸುವ ಮಗುವಿಗೆ ನಾವು ಕಲಿಸಿದ್ದು ಲೆಕ್ಕವನ್ನೋ ಸುಳ್ಳನ್ನೋ? ಇದು ವಿಚಾರಣೀಯವಾದ ಸಂಗತಿ.

ಒಂದು ನಿದರ್ಶನವನ್ನು ನೋಡೋಣ. 43ರಲ್ಲಿ 17ನ್ನು ಕಳೆಯೆಂದರೆ ಎಷ್ಟೋ ಮಕ್ಕಳು 34 ಎಂದು ಬರೆಯುತ್ತಾರೆ. ಕೆಂಪು ಗೀಟೆಳೆದು ಮುಂದೆ ಹೋಗುವುದು ಸುಲಭ. ಆದರೆ ಆ ತಪ್ಪಿಗೂ ಒಂದು ಕಾರಣವಿದೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂದು ಮೊದಲು ಕಲಿತುದನ್ನು ನಂಬಿ ಮಗು 7ರಲ್ಲಿ 3ನ್ನು, 4ರಲ್ಲಿ 1ನ್ನು ಕಳೆದಿದೆ. ಪಾಪ, ಅದು ಗುರುವಾಕ್ಯವನ್ನೇ ಪಾಲಿಸಿದೆ! ‘ಹೇಗೆ ಮಾಡಿದೆಯಪ್ಪಾ?’ ಎಂದು ಕೇಳಿದ ಹೊರತು ಇದು ತಿಳಿಯದು. ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿ, ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿಗಳನ್ನಿತ್ತು ‘ಹದಿನೇಳು ಕೊಡು’ ಎನ್ನಿ. ಬಿಡಿ ಕಡ್ಡಿ ಸಾಲದೆ ಅದು ಒಂದು ಕಟ್ಟನ್ನು ಬಿಚ್ಚುತ್ತದೆ. ಹದಿಮೂರರಲ್ಲಿ ಏಳು ಹೋದರೆ ಆರು, ಮೂರು ಕಟ್ಟುಗಳಲ್ಲಿ ಒಂದು ಹೋದರೆ ಎರಡು, ಉಳಿದುದು 26. ಹತ್ತರ ಸ್ಥಾನದಿಂದ ಸಾಲ ತರುವುದೆಂದರೇನೆಂಬುದು ಆಗ ಕೈಗೇ ಸಿಗುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ 2009-10ರಿಂದ ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ಹಬ್ಬಿತು. ಚಟುವಟಿಕೆಯಿಂದ ಕಲಿಸುವ ಪದ್ಧತಿ ಒಳ್ಳೆಯದೇ. ಆದರೆ ಮಗುವಿನ ಮಾತಿಗೆ ಕಿವಿಗೊಡದವರ ಕೈಯಲ್ಲಿ ಯಾವ ಸಾಮಗ್ರಿಯೂ ಫಲಿಸದು.

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ಕೊಪಣವೇ ನಮ್ಮ ಕೊಪ್ಪಳ. ಅದೇ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಲೋಕವ್ಯವಹಾರಕ್ಕೆಲ್ಲ ಗಣಿತ ಬೇಕೆಂದು ಸಾರಿದರು. ಅದು ಇಂದಿಗೂ ಸತ್ಯ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲದ ಜೋಳವಾಗಲಿ, ಗಂಗಾವತಿಯ ಕಾಲುವೆ ನೀರಿನ ಬತ್ತವಾಗಲಿ ತೂಕಕ್ಕೆ ಬಂದಾಗ, ಲೆಕ್ಕವರಿಯದ ರೈತನು ಪರರ ಮಾತನ್ನೇ ನಂಬಬೇಕಾಗುತ್ತದೆ. ಶಾಲೆಯಲ್ಲಿ ‘ಏಕೆ’ ಎಂದು ಕೇಳಲಂಜಿದವನು ತೂಕದ ಮುಂದೆ ನಿಂತು ಕೇಳಬಲ್ಲನೆ?

ಗಣಿತದಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲ. ಗುರು ಹೇಳಿದರೂ ಶಿಷ್ಯ ಹೇಳಿದರೂ 26 ಇಪ್ಪತ್ತಾರೇ. ಪ್ರಸಾದನಿಲಯಗಳಲ್ಲಿ ಓದಿ ಇಂದು ಶಿಕ್ಷಕರಾಗಿರುವವರೂ, ಮನೆಯಲ್ಲಿ ಮಕ್ಕಳನ್ನು ಓದಿಸುವ ತಾಯಿತಂದೆಗಳೂ ಇದನ್ನು ಮನಗಾಣಬೇಕು. ಮಗು ನಮ್ಮೆದುರು ನಿಂತು ನಿರ್ಭಯವಾಗಿ ‘ತಿಳಿಯಲಿಲ್ಲ’ ಎಂದರೆ ಬೇಸರಪಡಬಾರದು; ಅದು ಸತ್ಯವನ್ನು ನುಡಿದಿದೆ. ಪಾಠವನ್ನು ಅಲ್ಲಿಂದಲೇ ಆರಂಭಿಸಬೇಕು.