ಮನೆಮಾತಿನ ಪ್ರಶ್ನೆಯೂ ಎರಡು ಸ್ಯಾಕ್ಸೋಫೋನ್‌ಗಳೂ

“ನಿಮ್ಮ ಕನ್ನಡ ಬಹಳ ಚೆನ್ನಾಗಿದೆ, ಎಲ್ಲಿ ಕಲಿತಿರಿ?” ಮನೆಯಲ್ಲಿ ಉರ್ದು ಆಡುವ ನಾವು ಸಭೆ ಸಮಾರಂಭಗಳಲ್ಲಿ ಈ ಮಾತನ್ನು ಆಗಾಗ ಕೇಳಿಸಿಕೊಳ್ಳುತ್ತೇವೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ, ಅದು ಮೆಚ್ಚುಗೆಯೇ. ಆದರೆ ಹೇಮಾವತಿಯ ನೀರು ಕುಡಿದು, ಇಲ್ಲಿನ ಶಾಲೆಗಳಲ್ಲಿ ಕಾಗುಣಿತ ತಿದ್ದಿ ಬೆಳೆದವರನ್ನು ಆ ಮೆಚ್ಚುಗೆ ಕ್ಷಣಕಾಲ ಹೊರಗಿನ ನೆಂಟರನ್ನಾಗಿ ಮಾಡಿಬಿಡುತ್ತದೆ. ಇಂಥ ಪ್ರಶ್ನೆಗೆ ಕೊಡಬೇಕಾದ ಉತ್ತರ ಯಾವುದು? ಸಿಟ್ಟೇ, ದಾಖಲೆಯೇ, ಮೌನವೇ?

ಸಕಲೇಶಪುರ, ಆಲೂರಿನ ನಾವು ಕೆಲವು ಗೆಳೆಯರು ಮಳೆಗಾಲದ ಸಂಜೆ ಒಟ್ಟಿಗೆ ಕುಳಿತು ಸಂಗೀತ ಕೇಳುವುದುಂಟು. ಗಜಲ್, ಕವ್ವಾಲಿಗಳ ನಡುವೆ ಈಚೆಗೆ ನಮ್ಮನ್ನು ಹಿಡಿದಿಟ್ಟಿರುವುದು ಎರಡು ಜಾಝ್ ಆಲ್ಬಮ್‌ಗಳು. ಎರಡೂ ರುದ್ರೇಶ್ ಮಹಂತಪ್ಪ ಎಂಬ ಸ್ಯಾಕ್ಸೋಫೋನ್ ವಾದಕರವು. ಅವರದು ಕರ್ನಾಟಕ ಮೂಲದ ಕುಟುಂಬ. ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್‌ನಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ.

ಅವರನ್ನೂ ಒಂದು ಪ್ರಶ್ನೆ ಕಾಡಿತ್ತು: “ನೀವು ಇಂಡಿಯನ್ ಮಾತಾಡುತ್ತೀರಾ? ಹಿಂದೂ ಮಾತಾಡುತ್ತೀರಾ?” ಅಂಥ ಭಾಷೆಯೇ ಇಲ್ಲ. ಅವರು ವಾದಕ್ಕಿಳಿಯಲಿಲ್ಲ. ಬೇರೆ ಬೇರೆ ಭಾಷೆಯ ಭಾರತೀಯರಿಗೆ ಇದೇ ಪ್ರಶ್ನೆಯನ್ನು ಹಾಕಿ, ಅವರು ತಮ್ಮ ತಮ್ಮ ಮನೆಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡರು. ಆ ಮಾತುಗಳ ಏರಿಳಿತವನ್ನೇ ಸ್ವರಕ್ಕೆ ಇಳಿಸಿದರು. 2004ರ ‘ಮದರ್ ಟಂಗ್’ ಆಲ್ಬಮ್ ಹುಟ್ಟಿದ್ದು ಹೀಗೆ. ಅದರಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ಕೃತಿಯಿದೆ. ತಮಿಳು, ತೆಲುಗು, ಕೊಂಕಣಿ, ಮಲಯಾಳಂ, ಗುಜರಾತಿಗಳೂ ಇವೆ. ನುಡಿಸುವುದು ವಾದ್ಯಗಳು, ಉಳಿದಿರುವುದು ಮಾತಿನ ಧಾಟಿ ಮಾತ್ರ. ಕನ್ನಡ, ತುಳು, ಬ್ಯಾರಿ, ಉರ್ದು, ತಮಿಳು ಬೆರೆತ ನಮ್ಮ ಸಂತೆಯ ಗದ್ದಲ ಕೇಳಿ ಬಲ್ಲವರಿಗೆ ಇದು ಅಪರಿಚಿತವೆನಿಸದು. ದೂರಕ್ಕೆ ಪದ ತಿಳಿಯದಿದ್ದರೂ, ಚೌಕಾಸಿ ನಡೆದಿದೆಯೋ ಜಗಳ ನಡೆದಿದೆಯೋ ಧಾಟಿಯಿಂದಲೇ ಗೊತ್ತಾಗುತ್ತದೆ.

ಎರಡನೆಯದು 2008ರ ‘ಕಿನ್ಸ್‌ಮೆನ್’, ಅಂದರೆ ಬಂಧುಗಳು. ಇದರಲ್ಲಿ ಮಹಂತಪ್ಪ ಅವರ ಜೊತೆ ನುಡಿಸಿದವರು ಶಿರಾಡಿ ಘಾಟಿಯ ಕೆಳಗಿನ ಬಂಟ್ವಾಳ ತಾಲೂಕಿನವರಾದ ಕದ್ರಿ ಗೋಪಾಲನಾಥ್. ನಾಗಸ್ವರ ವಿದ್ವಾಂಸರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ, ಸೈನ್ಯದ ಬ್ಯಾಂಡುಗಳಲ್ಲಿ ಬಳಕೆಗೆ ಬಂದ ವಾದ್ಯವದು. ಅದನ್ನು ಜಾಝ್‌ನ ದನಿಯನ್ನಾಗಿ ಮಾಡಿದವರು ಅಮೆರಿಕದ ಕಪ್ಪು ಜನ. ಅದರಲ್ಲಿ ಗಮಕ ಹೊರಡಿಸಲು ಕದ್ರಿಯವರು ವರ್ಷಗಟ್ಟಲೆ ದುಡಿದರು. 2019ರಲ್ಲಿ ಅವರು ತೀರಿಕೊಂಡಾಗ ಸ್ಯಾಕ್ಸೋಫೋನ್ ಕರಾವಳಿಯ ಮದುವೆ, ಉತ್ಸವಗಳ ಮನೆವಾದ್ಯವೇ ಆಗಿಹೋಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಾಗಾದರೆ ದೊಡ್ಡ ಸಾಧನೆ ಮಾಡಿದವರಿಗೆ ಮಾತ್ರ ಊರಿನಲ್ಲಿ ಜಾಗವೇ? ಸಂತೆಯಲ್ಲಿ ಮೀನು ಮಾರುವ ಬ್ಯಾರಿ, ಗ್ಯಾರೇಜಿನ ಹುಡುಗ, ಇವರೂ ಪದ್ಮಶ್ರೀ ಗಳಿಸಿ ತೋರಿಸಬೇಕೇ? ಖಂಡಿತ ಇಲ್ಲ. ‘ಮದರ್ ಟಂಗ್’ನ ಅಡಿಪಾಯವಾಗಿರುವುದು ವಿದ್ವಾಂಸರ ಆಲಾಪನೆಯಲ್ಲ, ಜನ ತಮ್ಮ ಮನೆಮಾತಿನಲ್ಲಿ ಆಡಿದ ಮಾತು. ಅವರು ಏನನ್ನೂ ಸಾಬೀತು ಮಾಡಬೇಕಿರಲಿಲ್ಲ. ಕಿವಿಗೊಟ್ಟು ಕೇಳುವ ಶ್ರಮವೆಲ್ಲ ಪ್ರಶ್ನೆ ಹಾಕಿದವರ ಪಾಲಿನದಾಗಿತ್ತು.

ನೀತಿ ಇರುವುದು ಇಲ್ಲೇ ಎಂದು ನಮಗೆ ತೋರುತ್ತದೆ. ಪ್ರಶ್ನೆ ಕೇಳುವುದು ತಪ್ಪಲ್ಲ. ಉತ್ತರ ಮುಗಿಯುವ ತನಕ ನಿಲ್ಲದಿರುವುದು ತಪ್ಪು. ‘ಕಿನ್ಸ್‌ಮೆನ್’ನಲ್ಲಿ ಎರಡು ಸ್ಯಾಕ್ಸೋಫೋನ್‌ಗಳು ಒಂದೇ ಆಗಲು ಹೋಗುವುದಿಲ್ಲ. ಒಂದು ಕರ್ನಾಟಕ ಸಂಗೀತದ್ದು, ಇನ್ನೊಂದು ಜಾಝ್‌ನದು. ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿಯವರ ಗಿಟಾರ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ಜಾಗ ಬಿಡುತ್ತಾರೆ. ಬಂಧುತ್ವಕ್ಕೆ ಇಷ್ಟು ಅದಬ್ ಸಾಕು, ಹೋಲಿಕೆ ಬೇಕಿಲ್ಲ.

ಈ ಪ್ರಶ್ನೆಯನ್ನು ಕೇಳಿಸಿಕೊಂಡು ಬೆಳೆದವರಿಗೆ ಇನ್ನೊಂದು ಹೊಣೆಯೂ ಇದೆ. ಇಂದು ನಮ್ಮ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬಂದ ಕೂಲಿಕಾರರಿದ್ದಾರೆ. ಎಲ್ಲಿಯವರು, ಯಾವ ಕಾಗದವಿದೆ ಎಂಬ ಪ್ರಶ್ನೆ ಈಗ ಅವರ ಬೆನ್ನಿಗಿದೆ. ಕೆಲಸ ಮುಗಿದ ಮೇಲೆ ಲೈನ್ ಮನೆಗಳ ಮುಂದೆ ಕುಳಿತು ಅವರು ಆಡಿಕೊಳ್ಳುವ ಮಾತು ನಮಗೆ ಅರ್ಥವಾಗದಿರಬಹುದು. ಅದರಲ್ಲಿ ದಣಿವೆಷ್ಟು, ಊರಿನ ನೆನಪೆಷ್ಟು ಎಂಬುದು ಮಾತ್ರ ಕಿವಿಗೊಟ್ಟರೆ ತಿಳಿದೇ ತಿಳಿಯುತ್ತದೆ.